ತಡೆಯುವ ಗೆಳೆಯ

ಮಹಾನಗರದಲ್ಲಿ ನಮಗೆ ಪರಿಚಿತರ ಕೊರತೆಯಿಲ್ಲ. ಬೆಳಗಿನ ಲೋಕಲ್ ಗಾಡಿಯಲ್ಲಿ ಜಾಗ ಹಿಡಿದುಕೊಡುವವರಿದ್ದಾರೆ; ಸಂಘದ ನಾಟಕದ ದಿನ ಪಕ್ಕದ ಕುರ್ಚಿಯಲ್ಲಿ ಕುಳಿತು ಊರಿನ ಸುದ್ದಿ ವಿಚಾರಿಸುವವರಿದ್ದಾರೆ. ಇವರಲ್ಲಿ ಮಿತ್ರರು ಎಷ್ಟು ಮಂದಿ ಎಂಬ ಪ್ರಶ್ನೆ ಆರೋಗ್ಯಕ್ಕೂ ಸಂಬಂಧಿಸಿದ್ದೆಂದರೆ ಕೆಲವರಿಗೆ ಸೋಜಿಗವಾದೀತು.

ಕ್ಯಾಲಿಫೋರ್ನಿಯದ ಅಲಮೀಡ ಕೌಂಟಿಯ ಸುಮಾರು 7,000 ವಯಸ್ಕರನ್ನು 9 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದನ್ನು ಲೀಸಾ ಬರ್ಕ್‌ಮನ್ ಮತ್ತು ಲೆನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದರು. ಸಂಸಾರ, ಬಂಧುಮಿತ್ರರು, ಸಂಘಸಂಸ್ಥೆ ಇವುಗಳ ನಂಟು ಕಡಿಮೆಯಿದ್ದವರಲ್ಲಿ ಮರಣಪ್ರಮಾಣ ಹೆಚ್ಚಾಗಿತ್ತು. ಧೂಮಪಾನ, ಮದ್ಯಪಾನ, ಬೊಜ್ಜುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಅಳಿಯಲಿಲ್ಲ.

ಆದರೆ ಎಂತಹ ನಂಟು? ಸ್ನೇಹವೆಂದೊಡನೆ ನಮಗೆ ನೆನಪಾಗುವವನು ಕರ್ಣ. ಪಂಪನ ಕಾಲದಿಂದಲೂ ಕನ್ನಡಿಗರು ಅವನನ್ನು ಮನಸಾರ ಮೆಚ್ಚಿದ್ದಾರೆ. ಕುಂತಿಯೇ ಬಂದು ಕರೆದರೂ ದುರ್ಯೋಧನನ ಋಣವನ್ನು ಅವನು ತೊರೆಯಲಿಲ್ಲ. ಅವನ ನಿಷ್ಠೆ ದೊಡ್ಡದು, ಒಪ್ಪೋಣ. ಆದರೂ ವ್ಯಾಸಭಾರತದ ದ್ಯೂತಸಭೆಯಲ್ಲಿ ಅವನು ಗೆಳೆಯನನ್ನು ತಡೆಯಲಿಲ್ಲ, ಹುರಿದುಂಬಿಸಿದ. ಬೇಡವೆಂಬ ಮಾತು ಬಂದದ್ದು ವಿದುರನಿಂದ. ಅದಕ್ಕಾಗಿ ಅವನಿಗೆ ದೊರೆತದ್ದು ಬೈಗುಳ. ಪ್ರಾಣ ಕೊಡುವ ಗೆಳೆಯನಿದ್ದೂ ದುರ್ಯೋಧನನಿಗೆ ತಡೆಯುವ ಗೆಳೆಯನಿರಲಿಲ್ಲ.

ಸಂಘದ ಭೋಜನಕೂಟದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸಕ್ಕರೆ ಕಾಯಿಲೆಯವರ ಎಲೆಗೆ ‘ಒಂದು ದಿನಕ್ಕೇನಾಗುತ್ತದೆ’ ಎಂದು ಮೂರನೆಯ ಹೋಳಿಗೆ ಹಾಕಿಸುವವರು ಹತ್ತು ಜನ. ಬಡಿಸುವವನ ಕೈ ಹಿಡಿದು ಸಾಕೆನ್ನುವವನು ಒಬ್ಬ. ಅವನಿಗೆ ಜಿಪುಣನೆಂಬ ಬಿರುದು ಬೇರೆ!

ಇದಕ್ಕಿಂತ ಗಂಭೀರವಾದ ಸಂದರ್ಭ ಪಾರ್ಶ್ವವಾಯುವಿನದು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ರೋಗಿಗೆ ತಾನಾಗಿ ತಿಳಿಯದೆಯೂ ಇರಬಹುದು. ತಿಳಿದರೂ ‘ಕೊಂಚ ಮಲಗಿದರೆ ಸರಿಹೋದೀತು’ ಎನ್ನುವವರೇ ಹೆಚ್ಚು. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗನೆ ಕೊಟ್ಟಷ್ಟೂ ಲಾಭ. ಮಕ್ಕಳು ದೂರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರ ಮಾತಿನ ಎಂದಿನ ಧಾಟಿಯನ್ನು ಬಲ್ಲವರು ಯಾರು? ದಿನವೂ ಫೋನಿನಲ್ಲಿ ಎರಡು ನಿಮಿಷ ಹರಟುವ ಗೆಳೆಯ. ತೊದಲು ಕೇಳಿದೊಡನೆ, ಅವರು ಬೇಡವೆಂದರೂ, ಆಂಬುಲೆನ್ಸ್ ಕರೆಸಿ ತಾನೂ ಹೊರಡುವವನು ಅವನೇ. ದಾರಿಯುದ್ದಕ್ಕೂ ಬೈಸಿಕೊಂಡರೂ ಚಿಂತೆಯಿಲ್ಲ. ‘ಇಂದು ಬೆಳಗ್ಗೆ ಎಂಟಕ್ಕೆ ಮಾತನಾಡಿದಾಗ ಸರಿಯಾಗಿದ್ದರು’ ಎಂದು ಹೇಳಬಲ್ಲವರೊಬ್ಬರು ಜೊತೆಗಿದ್ದರೆ, ಚುಚ್ಚುಮದ್ದು ಕೊಡಬಹುದೇ ಎಂಬುದನ್ನು ವೈದ್ಯರು ಬೇಗನೆ ನಿರ್ಧರಿಸಬಲ್ಲರು.