ಸಜೀಪದ ಉಸಿರು, ಹಿತ್ತಾಳೆಯ ಕೊಳವೆ

ಲಾಯಿಲದ ಸುತ್ತಮುತ್ತ ದೀಪಾವಳಿ ಕಳೆದು ಪತ್ತನಾಜೆ ಬರುವವರೆಗೆ ರಾತ್ರಿಗಳಿಗೆ ನಿದ್ದೆಯಿಲ್ಲ. ಒಂದು ಕಡೆ ಜಾತ್ರೆ, ಇನ್ನೊಂದು ಕಡೆ ದೈವದ ನೇಮ, ಮತ್ತೊಂದು ಬಯಲಿನಲ್ಲಿ ಮೇಳದ ಆಟ. ನೇಮದ ಚಪ್ಪರದ ಹತ್ತಿರ ನಿಂತು ಕಿವಿಗೊಡಿ. ಗಗ್ಗರ ಝಣಝಣಿಸುತ್ತದೆ, ಡೋಲು ಗುಡುಗುತ್ತದೆ. ಅವೆರಡನ್ನೂ ಮೀರಿ ಗದ್ದೆಯಾಚೆಯ ಅಡಿಕೆ ತೋಟದವರೆಗೆ ಹೋಗುವ ಆ ದಪ್ಪ ದನಿ ಯಾವುದರದ್ದು? ಎಷ್ಟೋ ಕಡೆ ಅದೀಗ ನಾಗಸ್ವರದ್ದಲ್ಲ. ಸ್ಯಾಕ್ಸೋಫೋನಿನದು! ನೇಮ ನೋಡಲು ಬಂದವರಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಜ್ಜಿಯರು ಕೈಮುಗಿದು ನಿಂತೇ ಇರುತ್ತಾರೆ, ಈ ವಾದ್ಯ ತಮ್ಮ ಅಜ್ಜಂದಿರ ಕಾಲದಿಂದಲೂ ಇಲ್ಲೇ ಇತ್ತೇನೋ ಎಂಬಂತೆ. ನನ್ನನ್ನು ಬೆರಗುಗೊಳಿಸುವುದು ಅದೇ.

ಯೋಚಿಸಿ ನೋಡಿ. ಬೆಲ್ಜಿಯಂನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ಫ್ರೆಂಚ್ ಸೇನೆಯ ಬ್ಯಾಂಡುಗಳಲ್ಲಿ ಅದು ಮೊಳಗಿತು. ಆಮೇಲೆ ಕಡಲು ದಾಟಿ ಅಮೆರಿಕದಲ್ಲಿ ಜಾಝ್ ಸಂಗೀತದ ಪ್ರಾಣವೇ ಆಯಿತು. ಅಂಥ ಕೊಳವೆ ಚಾರ್ಮಾಡಿ ಘಾಟಿಯ ಕೆಳಗಿನ ನಮ್ಮೂರುಗಳಲ್ಲಿ ದೈವದ ಎದುರು ಬಂದು ನಿಂತದ್ದು ಹೇಗೆ?

ಉತ್ತರಕ್ಕಾಗಿ ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಲಾಯಿಲದಿಂದ ಬಿ.ಸಿ. ರೋಡಿನ ಬಸ್ಸು ಹತ್ತಿದರೆ ಸಾಕು! ನೇತ್ರಾವತಿ ದಾಟಿ, ಪಾಣೆಮಂಗಳೂರು ಕಳೆದು ಸಜೀಪಮೂಡದ ದಾರಿ ಹಿಡಿಯಿರಿ. ಅಲ್ಲಿ 1949ರ ಡಿಸೆಂಬರ್ 6ರಂದು ನಾಗಸ್ವರ ವಾದಕ ತನಿಯಪ್ಪನವರಿಗೆ ಒಬ್ಬ ಮಗ ಹುಟ್ಟಿದ. ಅಪ್ಪನ ವಾದ್ಯವೇ ಮಗನ ಕೈಗೂ ಬಂತು. ಆದರೆ ಆ ಹುಡುಗ ಮೈಸೂರಿಗೆ ಹೋದಾಗ ಅರಮನೆಯ ಬ್ಯಾಂಡಿನಲ್ಲಿ ಹೊಳೆಯುವ, ಬಾಗಿದ, ಗುಂಡಿಗಳಿಂದ ತುಂಬಿದ ಒಂದು ವಾದ್ಯದ ದನಿ ಕೇಳಿದ. ಮುಗಿಯಿತು! ಕದ್ರಿ ಗೋಪಾಲನಾಥ್ ಎಂದು ಮುಂದೆ ಲೋಕವೇ ಕರೆದ ಆ ಹುಡುಗನ ಬದುಕು ಅಲ್ಲಿಂದಾಚೆ ಒಂದೇ ವಾದ್ಯದ ಹಿಂದೆ ಹರಿಯಿತು.

ಅವರು ಕೈಹಾಕಿದ್ದು ಎಂಥ ಕೆಲಸಕ್ಕೆ ಗೊತ್ತೇ? ನಾಗಸ್ವರದ ರಂಧ್ರಗಳು ತೆರೆದಿರುತ್ತವೆ. ಬೆರಳನ್ನು ಅರ್ಧ ಸರಿಸಬಹುದು, ತುದಿಯಿಂದ ಸವರಬಹುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗಮಕ ಹುಟ್ಟುವುದೇ ಆ ಜಾರುವಿಕೆಯಲ್ಲಿ. ಸ್ಯಾಕ್ಸೋಫೋನಿನಲ್ಲಿ ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ! ಬೆರಳು ಒತ್ತುವುದು ಕೀಲಿಯನ್ನು. ಕೀಲಿ ಎಳೆಯುವುದು ಸರಳನ್ನು. ಸರಳಿನ ತುದಿಯ ಚರ್ಮದ ಮುಚ್ಚಳ ರಂಧ್ರದ ಮೇಲೆ ಕೂರುತ್ತದೆ. ಮೆಟ್ಟಿಲಂತೆ ಬೇರೆಬೇರೆಯಾಗಿ ನಿಂತ ಸ್ವರಗಳಿಗಾಗಿ ಕಟ್ಟಿದ ಯಂತ್ರ ಅದು. ಅದರಲ್ಲಿ ತೋಡಿ ರಾಗದ ಗಾಂಧಾರವನ್ನು ತೂಗಾಡಿಸುವುದೆಂದರೇನು! ಗೋಪಾಲನಾಥರು ಆಲ್ಟೋ ಸ್ಯಾಕ್ಸೋಫೋನನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡರು. ಲೋಹ ಮಾಡದ್ದನ್ನು ತುಟಿ, ದವಡೆ, ಗಂಟಲು ಮತ್ತು ಉಸಿರಿನಿಂದ ಮಾಡಿಸಿದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಕಲಿಸಿದರು. ಮದರಾಸಿನಲ್ಲಿ ಗಾಯನ, ಮೃದಂಗ ಎರಡರಲ್ಲೂ ಪಳಗಿದ ಟಿ.ವಿ. ಗೋಪಾಲಕೃಷ್ಣನ್ ತಿದ್ದಿದರು. ವಾದ್ಯ ಪೂರ್ತಿ ಒಲಿಯಲು ಸುಮಾರು 20 ವರ್ಷ ಹಿಡಿಯಿತು ಎನ್ನುತ್ತಾರೆ. ಮುಂದೆ ಬಂದ ಲಂಡನ್, ಬರ್ಲಿನ್ ಕಛೇರಿಗಳಿಗಿಂತ ಈ 20 ವರ್ಷವೇ ದೊಡ್ಡದು ಎಂದು ನನಗನಿಸುತ್ತದೆ. ಇದು ಸಂಗೀತವಾಗುತ್ತದೆಯೋ ಇಲ್ಲವೋ ಎಂದು ತಿಳಿಸಲು ಮುಂದೆ ಒಂದು ಮಾದರಿಯೂ ಇಲ್ಲದೆ, ಅಷ್ಟು ಕಾಲ ಒಂದೇ ಕೊಳವೆಗೆ ಉಸಿರು ತುಂಬುವುದು!

ಆಮೇಲೆ ಬಂತು 1980. ಮುಂಬಯಿಯ ಜಾಝ್ ಹಬ್ಬ. ಅಮೆರಿಕದ ಜಾನ್ ಹ್ಯಾಂಡಿ ಅಲ್ಲಿದ್ದರು. ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದವರು, ಉಸ್ತಾದ್ ಅಲಿ ಅಕ್ಬರ್ ಖಾನರ ಜೊತೆ ಧ್ವನಿಮುದ್ರಿಕೆ ಮಾಡಿದವರು, ಅದೇ ಆಲ್ಟೋ ವಾದ್ಯದ ಯಜಮಾನರು. ಮೂವತ್ತರ ಹರೆಯದ ಈ ಕರಾವಳಿಯ ವಾದಕನನ್ನು ಕೇಳಿ ಹ್ಯಾಂಡಿ ತಾವಾಗಿಯೇ ಜೊತೆಯಲ್ಲಿ ನುಡಿಸುತ್ತೇನೆಂದು ವೇದಿಕೆಗೆ ಬಂದರು! ಜಾಝ್‌ನವರಿಗೆ ರಾಗದೊಳಗೇ ಅರಳುವ ಮನೋಧರ್ಮ ಹೊಸ ಭಾಷೆಯಲ್ಲ. ಕ್ಷಣದಲ್ಲಿ ಕಟ್ಟಿ ಕ್ಷಣದಲ್ಲಿ ದಾಟುವುದು ಅವರ ಕಸುಬೂ ಹೌದು. ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳು, ಮೆಕ್ಸಿಕೋದ ಸೆರ್ವಾಂತಿನೋ ಉತ್ಸವ ಸರತಿಯಲ್ಲಿ ಬಂದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ. ಅಲ್ಲಿಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಎಂಬ ಹೆಗ್ಗಳಿಕೆ. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’, ಎ.ಆರ್. ರೆಹಮಾನ್ ಸಂಗೀತ, ಸ್ಯಾಕ್ಸೋಫೋನ್ ಗೋಪಾಲನಾಥರದು. ನಿರ್ದೇಶಕರ ಮುಂದೆ ಅವರು ರಾಗದ ಮೇಲೆ ರಾಗ ನುಡಿಸುತ್ತ ಹೋದರಂತೆ, ಕೊನೆಗೆ ಕಲ್ಯಾಣವಸಂತ ಕೇಳಿದಾಗ ನಿರ್ದೇಶಕರು ಇದೇ ಬೇಕು ಎಂದರಂತೆ. ಹಾಗೆಂದು ಗೋಪಾಲನಾಥರೇ ಹೇಳಿಕೊಂಡಿದ್ದರು.

ಊದುವ ವಾದ್ಯದವರಿಗೆ ವಯಸ್ಸು ನಿಷ್ಕರುಣಿ. ವೀಣೆಗೆ ಬೆರಳು ಸಾಕು, ಇಲ್ಲಿ ಶ್ವಾಸಕೋಶ, ಹಲ್ಲು, ಕೆನ್ನೆಯ ಸ್ನಾಯು ಎಲ್ಲವೂ ಕೊನೆಯವರೆಗೆ ಜೊತೆಗಿರಬೇಕು. ಗೋಪಾಲನಾಥರಿಗೆ ಅವು ಜೊತೆಗಿದ್ದವು! ಪಿಟೀಲಿನ ಎ. ಕನ್ಯಾಕುಮಾರಿಯವರೊಡನೆ ದಶಕಗಳ ಕಾಲ ಜೋಡಿ ಕಛೇರಿಗಳು ನಡೆದವು. 1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2004ರಲ್ಲಿ ಪದ್ಮಶ್ರೀ. ಹೆಚ್ಚಿನವರು ಹಳೆಯ ಯಶಸ್ಸಿನ ನೆರಳಿನಲ್ಲಿ ಕೂರುವ ಹೊತ್ತಿಗೆ ಇವರು ಏನು ಮಾಡಿದರೆಂದು ಕೇಳಿದರೆ ನೀವು ಎದ್ದು ಕೂರುತ್ತೀರಿ.

ಅಮೆರಿಕದ ಕೊಲರಾಡೊದಲ್ಲಿ ಬೆಳೆದ, ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ವಾದಕ. ಅವರದ್ದೂ ಆಲ್ಟೋ ಸ್ಯಾಕ್ಸೋಫೋನೇ. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಮುದ್ರಿಕೆಯ ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ ಗೋಪಾಲನಾಥ್! ತಮಾಷೆ ಅಲ್ಲಿಗೇ ನಿಂತಿತು, ತಮ್ಮ ಕೇಳುತ್ತಲೇ ಉಳಿದ. ವರ್ಷಗಳ ನಂತರ ಇಬ್ಬರೂ ಒಂದೇ ವೇದಿಕೆಯೇರಿದರು. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್, ಹಿಂದೆ ಜಾಝ್‌ನ ಬಾಸ್ ಮತ್ತು ಡ್ರಮ್ಸ್ ಸೇರಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ 2008ರಲ್ಲಿ ಹೊರಬಂತು. ಆಗ ಗೋಪಾಲನಾಥರಿಗೆ 58. ತಮಗಿಂತ ಎರಡು ದಶಕ ಕಿರಿಯನ ಎದುರು, ಅವನ ನಾಡಿನ ಲಯದ ನಡುವೆ, ತಮ್ಮ ರಾಗವನ್ನು ಎಳ್ಳಷ್ಟೂ ಬಿಡದೆ ನುಡಿಸಿದರು.

2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು. ಎಂ.ಎಸ್. ಲಾವಣ್ಯ ಅವರಂಥ ಶಿಷ್ಯರು ಆ ವಾದ್ಯವನ್ನು ಕಛೇರಿಗಳಿಗೆ ಒಯ್ಯುತ್ತಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮದುವೆ ಮಂಟಪಗಳಲ್ಲಿ, ದೇವಸ್ಥಾನದ ಅಂಗಣಗಳಲ್ಲಿ ಮುಹೂರ್ತಕ್ಕೆ ಅದೇ ಬೇಕು ಎನ್ನುವವರಿದ್ದಾರೆ. ನೀವು ‘ಕಿನ್ಸ್‌ಮೆನ್’ ಹುಡುಕಿ ಕೇಳಲೇಬೇಕು. ಇಬ್ಬರದ್ದೂ ಒಂದೇ ಜಾತಿಯ ವಾದ್ಯ, ಎರಡೂ ಒಂದೇ ಎತ್ತರದ ದನಿ, ಹೆಸರು ನೋಡದೆ ಕೇಳಿ. ಒಂದು ಸ್ಯಾಕ್ಸೋಫೋನ್ ಸ್ವರದಿಂದ ಸ್ವರಕ್ಕೆ ಚುರುಕಾಗಿ ನೆಗೆಯುತ್ತದೆ. ಇನ್ನೊಂದು ನೆಗೆಯುವುದೇ ಇಲ್ಲ, ತೂಗುತ್ತದೆ, ಬಾಗುತ್ತದೆ, ಮೇಲಿನ ಷಡ್ಜಕ್ಕೆ ಜಾರಿ ಸೇರುತ್ತದೆ. ಆ ಎರಡನೆಯದು ತನಿಯಪ್ಪನವರ ಮಗನದು!