ದಾರಿಯಲ್ಲಿ ಬಿದ್ದ ಹಣದ ಚೀಲ: ಒಳಗೆ ಎಷ್ಟಿತ್ತು?

ರಾಯಚೂರು: ಮಾನ್ವಿ ಬಸ್ಸಿಗೋ ದೇವದುರ್ಗದ ಬಸ್ಸಿಗೋ ಕಾದು ನಿಂತು ಬೇಸತ್ತವರಿಗೆ ಇಲ್ಲೊಂದು ಲೆಕ್ಕವಿದೆ. ಅಂಗಡಿ ಗಲ್ಲೆಯ ಮುಂದೆ ಕೂತವರೂ ಮಾಡಿ ನೋಡಬಹುದು.

ಮೂವರು ವ್ಯಾಪಾರಿಗಳು ಹೊರಟಿದ್ದರು. ದಾರಿಯಲ್ಲಿ ಹಣದ ಚೀಲ ಬಿದ್ದಿತ್ತು. "ಇದು ನನಗ ಸಿಕ್ಕರ ನಿಮ್ಮಿಬ್ಬರ ರೊಕ್ಕ ಕೂಡಿಸಿದ್ದರ ಎರಡರಷ್ಟು ನನ್ನ ಹತ್ರ ಆಗ್ತದ" ಎಂದ ಮೊದಲನೆಯವ. "ನನಗಾದ್ರ ಮೂರರಷ್ಟು" ಎಂದ ಎರಡನೆಯವ. "ನನಗ ಐದರಷ್ಟು!" ಎಂದ ಮೂರನೆಯವ. ಚೀಲದಲ್ಲಿ ಎಷ್ಟಿತ್ತು? ಒಬ್ಬೊಬ್ಬರ ಕಿಸೆಯಲ್ಲಿ ಎಷ್ಟಿತ್ತು?

ಇದು ಇಂದು ನಿನ್ನೆಯ ಒಗಟಲ್ಲ. 9ನೇ ಶತಮಾನದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ್ದು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಆತನ ರಾಜಧಾನಿ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಹೊರತಂದರು.

ಬಿಡಿಸುವ ಬಗೆ ಸರಳ. ಉಳಿದಿಬ್ಬರ ಎರಡರಷ್ಟು ಅಂದರೆ ಎಲ್ಲ ಹಣದ ಮೂರು ಪಾಲಿನಲ್ಲಿ ಎರಡು. ಮೂರರಷ್ಟು ಅಂದರೆ ನಾಲ್ಕರಲ್ಲಿ ಮೂರು. ಐದರಷ್ಟು ಅಂದರೆ ಆರರಲ್ಲಿ ಐದು. ಚೀಲವೂ ಸೇರಿ ಒಟ್ಟು ಹಣ 24 ಎಂದಿಟ್ಟುಕೊಳ್ಳಿ. ಆಗ ಚೀಲ ಸಿಕ್ಕವನ ಬಳಿ ಕ್ರಮವಾಗಿ 16, 18, 20 ಆಗುತ್ತದೆ. ಕೂಡಿಸಿದರೆ 54. ಇದರಲ್ಲಿ ಚೀಲ ಮೂರು ಸಲ ಬಂದಿದೆ. 24 ಕಳೆದರೆ ಉಳಿಯುವ 30 ಎರಡು ಚೀಲದ ಹಣ. ಚೀಲದಲ್ಲಿ 15, ಕಿಸೆಗಳಲ್ಲಿ 1, 3, 5! ಎಲ್ಲವನ್ನೂ ಎರಡರಷ್ಟು ಮಾಡಿದರೂ ಲೆಕ್ಕ ಸರಿಹೋಗುತ್ತದೆ.

ಒಗಟು ಬಿಡಿಸಿ ಹೊಟ್ಟೆ ತುಂಬುತ್ತದೆಯೇ ಎನ್ನುವವರಿದ್ದಾರೆ. ಆದರೆ ಆಚಾರ್ಯರು ಬಡ್ಡಿ ಲೆಕ್ಕವನ್ನೂ ಅದೇ ಗ್ರಂಥದಲ್ಲಿ ಇಟ್ಟಿದ್ದಾರೆ. ಕೈಸಾಲ ಕೊಡುವವರಲ್ಲಿ ಕೆಲವರು ಬಡ್ಡಿಯನ್ನು ಮೊದಲೇ ಮುರಿದುಕೊಳ್ಳುತ್ತಾರೆ. ಸಾವಿರ ರೂಪಾಯಿಗೆ ನೂರು ಹಿಡಿದು ಒಂಬೈನೂರು ಕೈಗಿಟ್ಟರೆ, ನೂರಕ್ಕೆ ಹತ್ತು ಎಂದು ಸಾಲಗಾರ ತಲೆಯಾಡಿಸುತ್ತಾನೆ. ಆದರೆ ಕೈಗೆ ಬಂದದ್ದು ಒಂಬೈನೂರೇ. ಅದಕ್ಕೆ ನೂರು ಅಂದರೆ ನೂರಕ್ಕೆ 11 ರೂಪಾಯಿ 11 ಪೈಸೆ. ಅದೂ ತಿಂಗಳ ಬಡ್ಡಿಯಾದರೆ? ಬೀಜ ಗೊಬ್ಬರಕ್ಕೆಂದು ಸಾಲ ಎತ್ತುವ ರೈತ ಕೇಳಲೇಬೇಕಾದ ಪ್ರಶ್ನೆಯಿದು.

ಇನ್ನು ಅಂಗಡಿಯವರಿಗೊಂದು ಲೆಕ್ಕ: ಬೆಲೆಯನ್ನು ನೂರಕ್ಕೆ ಹತ್ತು ಏರಿಸಿ, ಏರಿಸಿದ ಬೆಲೆಗೆ ನೂರಕ್ಕೆ ಹತ್ತು ರಿಯಾಯಿತಿ ಕೊಟ್ಟರೆ ಬೆಲೆ ಮೊದಲಿನಷ್ಟಕ್ಕೇ ಬಂದು ನಿಲ್ಲುತ್ತದೆಯೇ? ರಿಯಾಯಿತಿಯ ಬೋರ್ಡು ಬರೆಸುವ ಮುಂಚೆ ಒಮ್ಮೆ ಲೆಕ್ಕ ಹಾಕಿ ನೋಡಲಿ!