ನಿಮಗಿದು ಗೊತ್ತೆ? ಇಲಿಯ ಒತ್ತಡ ಹೇಳುವ ಹಿಕ್ಕೆ

ಪ್ರಯೋಗಾಲಯದ ಇಲಿ ನೆಮ್ಮದಿಯಿಂದಿದೆಯೇ? ಸುಳಿವು ಅದರ ಹಿಕ್ಕೆಯಲ್ಲಿದೆ. ಗಾಬರಿಯಾದಾಗ ಮನುಷ್ಯರಲ್ಲಿ ಮುಖ್ಯವಾಗಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿದರೆ, ಇಲಿಗಳಲ್ಲಿ ಏರುವುದು ಕಾರ್ಟಿಕೋಸ್ಟೆರಾನ್. ರಕ್ತ ತೆಗೆದು ಇದನ್ನು ಅಳೆಯಬಹುದು. ಆದರೆ ಹಿಡಿದು ಸೂಜಿ ಚುಚ್ಚಿದ ಭಯಕ್ಕೇ ಸುಮಾರು 3 ನಿಮಿಷಗಳಲ್ಲಿ ಹಾರ್ಮೋನು ಏರತೊಡಗುತ್ತದೆ. ಅಳೆಯಲು ಹೋದವರೇ ಲೆಕ್ಕ ಕೆಡಿಸಿದಂತೆ! ಹಾಗಾಗಿ ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ರೂಪರ್ಟ್ ಪಾಲ್ಮೆ ಮತ್ತು ಸಂಗಡಿಗರು, ಈ ಹಾರ್ಮೋನು ದೇಹದಲ್ಲಿ ಒಡೆದು ಮಲದೊಂದಿಗೆ ಹೊರಬೀಳುವ ಅಂಶಗಳನ್ನು ಅಳೆಯುವ ವಿಧಾನ ರೂಪಿಸಿದರು. ಪ್ರಾಣಿಗೆ ಸೂಜಿ ತಾಗಿಸಬೇಕಿಲ್ಲ, ಉದುರಿದ ಹಿಕ್ಕೆ ಆರಿಸಿದರಾಯಿತು. ಅದು ತಿಳಿಸುವುದು ಮಾತ್ರ ಆ ಕ್ಷಣದ ಸ್ಥಿತಿಯನ್ನಲ್ಲ, ಕೆಲವು ಗಂಟೆಗಳ ಹಿಂದಿನದನ್ನು.

ಹಾರ್ಮೋನು ಏರಿದ್ದೆಲ್ಲ ಸಂಕಟವೂ ಅಲ್ಲ. ಸಂಗಾತಿಯೊಡನೆ ಕೂಡಿದಾಗಲೂ, ಚಕ್ರದಲ್ಲಿ ಓಡಿದಾಗಲೂ ಅದು ಏರುತ್ತದೆ. ಆದ್ದರಿಂದ ಇಲಿಯ ನಡವಳಿಕೆ, ತೂಕ, ಮೈಗೂದಲನ್ನೂ ನೋಡಲೇಬೇಕು.

ಇನ್ನೊಂದು ಸೋಜಿಗ: ಗಂಡಸು ಹತ್ತಿರ ಇದ್ದರೇ ಇಲಿಗಳಿಗೆ ಒತ್ತಡ, ಹೆಂಗಸಿದ್ದರೆ ಇಲ್ಲ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ವರದಿ ಮಾಡಿತು. ಕಾರಣ ಮೈವಾಸನೆ. ಗಂಡಸರು ತೊಟ್ಟಿದ್ದ ಟೀ ಶರ್ಟ್ ಪಕ್ಕದಲ್ಲಿಟ್ಟರೂ ಸಾಕಾಗಿತ್ತಂತೆ!